ಹಿಂಬದಿಯ ಎಡಮೂಲೆ

ಕುಮಟಾ
೧೦ ನವೆಂಬರ್ ೧೯೬೬

ಪ್ರಿಯ ಝುಲೇಖಾ,

ಈ ವಿಷಯವನ್ನು ನಿನಗೆ ಬರೆಯದೆಯೇ ಬಿಡುವವಳಿದ್ದೆ. ದಸರೆ ಕಳೆದ ಮೇಲೆ ಬರೆದ ಪತ್ರದಲ್ಲಿ ‘ನೀನು ಕಳಿಸಿದ ಕರೆಂಟಿನ ಓವನ್ನು ಚೆನ್ನಾಗಿದೆ, ನಮ್ಮ ಮಹಿಳಾ ಮಂಡಳಿಗೆ ಕಳೆ ಬಂದಿದೆ’ ಎಂದಿದ್ದೆನಲ್ಲ, ಅದು ಅರ್ಧ ಮಾತು. ಉಳಿದ ಅರ್ಧ ಹೀಗಿದೆ: ಅದರಲ್ಲಿಟ್ಟ ನಾನಕಟಾಯಿ ಬಿಸ್ಕೀಟು ಒಂದು ಕಡೆ ಸುಟ್ಟು ಕರಿಯಾಗುತ್ತದೆ, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಕೊಟ್ಟವಳ ಹತ್ತಿರವೇ ಕೊಟ್ಟ ವಸ್ತುವಿನ ದೂರು ಹೇಳುವುದು ಹೇಗೆಂದು ಮೂರು ವಾರ ಸುಮ್ಮನಿದ್ದೆ.

ಬೊಂಬಾಯಿಯಲ್ಲಿ ಯಾವುದೋ ವಿಲಾಯತಿ ಕಂಪನಿಯ ಕ್ಯಾಂಟೀನು ಮುಚ್ಚಿದಾಗ ನಿನ್ನ ಯಜಮಾನರು ಇದನ್ನು ಹರಾಜಿನಲ್ಲಿ ಹಿಡಿದರು, ನಿನ್ನ ಮೈದುನ ತನ್ನ ಬೇಕರಿಗೆ ಬೇಡವೆಂದ, ಹಾಗಾಗಿ ನಮಗೆ ಒಲಿಯಿತು. ಇಷ್ಟು ನನಗೆ ಗೊತ್ತು. ಇದನ್ನು ನಡೆಸುವುದು ಹೇಗೆಂಬುದು ಮಾತ್ರ ಗೊತ್ತಿಲ್ಲ. ಒಳಗೆ ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಕಬ್ಬಿಣದ ಸರಳುಗಳ ಜಾಲರಿ. ಹಿಂದಿನ ಗೋಡೆಯಲ್ಲಿ ಫ್ಯಾನು. ಬಿಸಿಗಾಳಿ ಎಲ್ಲ ಕಡೆ ಸುತ್ತಿ ಎಲ್ಲವೂ ಒಂದೇ ಸಮನೆ ಬೇಯಬೇಕೆಂದು ನೀನೇ ಬರೆದಿದ್ದೆ. ನಮ್ಮ ಹೆಂಗಸರು ಇದಕ್ಕೆ ‘ಗಾಳಿ ಒಲೆ’ ಎಂದು ಹೆಸರಿಟ್ಟಿದ್ದಾರೆ. ಆದರೆ ಹಿಂಬದಿಯ ಎಡಮೂಲೆ ಪ್ರತಿದಿನ ಸುಡುತ್ತದೆ, ಮೇಲಿನ ಅಂತಸ್ತು ಬಿಳಿಚಿಕೊಂಡು ಕೂತಿರುತ್ತದೆ.

ಹಿಟ್ಟು ಕಲಸುವುದು ನಾವು ಸದಸ್ಯೆಯರು. ಒಲೆ ನೋಡಿಕೊಳ್ಳುವುದು ಗಣಪಿ. ಬಾಡ ಎಂಬ ಹಳ್ಳಿಯವಳು, ಹಾಲಕ್ಕಿ ಒಕ್ಕಲಿಗರ ಹೆಂಗಸು, ಮೂವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದಾನೆ, ಮನೆಯಲ್ಲಿ ತಾಯಿ ಮಾತ್ರ. ಹಿಟ್ಟಿನಲ್ಲಿ ತುಪ್ಪ, ಸಕ್ಕರೆ, ಮೈದಾ ಮಾತ್ರ; ನೀರು ಸೋಕದ್ದಕ್ಕೆ ಮೈಲಿಗೆಯಿಲ್ಲವಾದ್ದರಿಂದ ತಟ್ಟೆ ಒಳಗಿಡುವ ಕೈ ಯಾರದಾದರೂ ಆದೀತೆಂದು ನಮ್ಮ ಅಧ್ಯಕ್ಷೆ ಸುಬ್ಬಲಕ್ಷ್ಮಕ್ಕನೇ ಒಪ್ಪಿದ್ದಾರೆ. ಗಣಪಿ ದಿನಾ ಬೆಳಿಗ್ಗೆ ಒಂದು ಕಟ್ಟು ಬಾಳೆಎಲೆ ಹೊತ್ತುಕೊಂಡು ಏಳಕ್ಕೆಲ್ಲ ಬಂದುಬಿಡುತ್ತಾಳೆ. ಅಷ್ಟು ಅಚ್ಚುಕಟ್ಟಿನವಳು. ಈಗ ಸುಟ್ಟದ್ದಕ್ಕೆಲ್ಲ ಎಲ್ಲರೂ ಅವಳ ಮುಖ ನೋಡುತ್ತಾರೆ.

ಏನು ಮಾಡಬೇಕೋ ಬರೆ. ರುಚಿಯೇನೋ ಬಹಳ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ.

ನಿನ್ನ
ಮಹಾಲಕ್ಷ್ಮೀ


ಭಟ್ಕಳ
೧೫ ನವೆಂಬರ್ ೧೯೬೬

ಮಾಲಕ್ಷ್ಮೀ,

ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆಯಾ? ಹುಚ್ಚಿ. ಗಂಡನ ಮನೆಯಿಂದ ದೂರು ಬಂತೆಂದು ಅಳುವುದಕ್ಕೆ ಅದೇನು ನನ್ನ ಮಗಳೇ?

ನಿನ್ನ ಪತ್ರವನ್ನು ಮೈದುನನಿಗೆ ಓದಿ ಹೇಳಿದೆ. ಮೊದಲು ಹೊಟ್ಟೆ ತುಂಬ ನಕ್ಕ. ‘ನಾ ಆವತ್ತೇ ಹೇಳಿದ್ದೆ ಭಾಭಿ, ಕಟ್ಟಿಗೆ ತಿನ್ನದ ಒಲೆಗೆ ಹಸಿವೇ ಇಲ್ಲ’ ಎಂದ. ಆಮೇಲೆ ಕೂತು ಸರಿಯಾಗಿಯೇ ಹೇಳಿದ. ತಟ್ಟೆ ಇಡುವ ಮೊದಲು ಇಪ್ಪತ್ತು ನಿಮಿಷ ಬರಿ ಒಲೆ ಕಾಯಬೇಕು. ಉಂಡೆಗಳನ್ನು ಕಣ್ಣಳತೆಯಲ್ಲಿ ಮಾಡಬೇಡಿ, ತಕ್ಕಡಿಯಲ್ಲಿ ತೂಗಿ. ಒಂದರಿಂದ ಒಂದಕ್ಕೆ ಎರಡು ಬೆರಳು ಜಾಗ. ತಟ್ಟೆಗೂ ಗೋಡೆಗೂ ನಡುವೆ ಒಂದು ಅಂಗೈ ಅಗಲ. ನೋಡುವ ಆಸೆಗೆ ಬಾಗಿಲು ತೆರೆಯಬಾರದು. ಅರ್ಧ ಬೆಂದಾಗ ಒಂದೇ ಒಂದು ಸಲ ತೆರೆದು, ತಟ್ಟೆಯ ಹಿಂದನ್ನು ಮುಂದಕ್ಕೆ ತಿರುಗಿಸಿ, ಮೇಲಿನದನ್ನು ಕೆಳಗಿಳಿಸಿ ಮುಚ್ಚಿಬಿಡಿ. ಇಷ್ಟೆಲ್ಲ ಮಾಡಿದ ಮೇಲೆ ಯಾವ ಅಂತಸ್ತಿನ ಯಾವ ಮೂಲೆ ಹೇಗೆ ಬೆಂದಿತೆಂದು ನಕ್ಷೆ ಬರೆದು ಕಳಿಸು. ಕಾನ್ವೆಂಟಿನಲ್ಲಿ ಭೂಪಟಕ್ಕೆ ಯಾವಾಗಲೂ ನಿನಗೇ ಹೆಚ್ಚು ಅಂಕ. ನನ್ನ ಸಿಲೋನು ಪ್ರತಿಸಲ ಅರಬ್ಬೀ ಸಮುದ್ರದಲ್ಲಿ ಬೀಳುತ್ತಿತ್ತು.

ರುಚಿಯ ಬಗ್ಗೆ ಎಲ್ಲರ ಮಾತು ನನಗೆ ಬೇಡ. ನಿನಗೆ ಹೇಗೆ ಅನಿಸಿತು?

ಝುಲೇಖಾ


ಕುಮಟಾ
೨೪ ನವೆಂಬರ್ ೧೯೬೬

ಪ್ರಿಯ ಝುಲೇಖಾ,

ಹೇಳಿದ್ದನ್ನೆಲ್ಲ ಮಾಡಿದೆವು. ತೂಗಿದೆವು, ಬೆರಳಿಟ್ಟು ಜಾಗ ಅಳೆದೆವು, ಗಡಿಯಾರ ನೋಡಿ ತಟ್ಟೆ ತಿರುಗಿಸಿದೆವು. ನಕ್ಷೆ ಜೊತೆಯಲ್ಲಿದೆ. ಕಪ್ಪು ಶಾಯಿ ತುಂಬಿದ್ದು ಸುಟ್ಟ ಜಾಗ, ಬರಿ ಗೆರೆ ಎಳೆದದ್ದು ಹಸಿ. ಒಂದು ವಿಚಿತ್ರ ಗಮನಿಸು: ಬೆಳಗಿನ ಮೊದಲ ಸರದಿಯಲ್ಲಿ ಎಲ್ಲವೂ ಬಿಳಿಚಾಗಿ, ತಳ ಒದ್ದೆಯೊದ್ದೆಯಾಗಿ ಬರುತ್ತದೆ. ಎರಡನೆಯ, ಮೂರನೆಯ ಸರದಿಗೆ ಆ ಎಡಮೂಲೆ ಬೆಂಕಿ ಹೊತ್ತಿದಂತೆ ಸುಡುತ್ತದೆ. ತಟ್ಟೆ ತಿರುಗಿಸಿದರೆ ಸುಡುವ ಸಾಲು ಬದಲಾಗುತ್ತದೆಯೇ ಹೊರತು ಸುಡುವುದು ನಿಲ್ಲುವುದಿಲ್ಲ.

ಇಷ್ಟರಲ್ಲಿ ಹೊನ್ನಾವರದಿಂದ ಒಂದು ಡಬ್ಬಿ ವಾಪಸು ಬಂತು. ಅಲ್ಲಿ ಹೊಳೆ ದಾಟುವ ತಾರಿ ಹತ್ತುವ ಕಡೆ ಬೀರಪ್ಪನೆಂಬವನ ಚಹಾದಂಗಡಿಯಿದೆ. ನಮ್ಮ ಮೊದಲ ಗಿರಾಕಿ ಅವನೇ. ಡಬ್ಬಿಯೊಳಗೆ ಚೀಟಿ: ‘ಮೇಲಿನ ಸಾಲು ಹಿಟ್ಟು, ಕೆಳಗಿನ ಸಾಲು ಇದ್ದಿಲು. ನಡುವಿನ ಏಳು ಮಾತ್ರ ಬಿಸ್ಕೀಟು, ಅದನ್ನು ನಾನೇ ತಿಂದಿದ್ದೇನೆ.’ ಓದಿ ನನಗೆ ನಗು ಬಂತು. ಬೇರೆ ಯಾರೂ ನಗಲಿಲ್ಲ.

ಸುಬ್ಬಲಕ್ಷ್ಮಕ್ಕ ಗಣಪಿಯ ಎದುರೇ ಹೇಳಿದರು: ‘ಎಂತ ಮಾಡಿರೂ ಸರಿ ಆಗ್ತಿಲ್ಲೆ ಅಂದ್ರೆ ಹಿಟ್ಟಲ್ಲಿ ಎಂತದೂ ಇಲ್ಲೆ. ಕೈಗುಣ ಹೇಳದು ಒಂದು ಇದ್ದು.’

ಗಣಪಿ ತಲೆಯೆತ್ತಿದಳು. ‘ನನ್ ಕೈಲಿ ನಟ್ಟಿ ಮಾಡಿದ ಗದ್ದೆ ಯಾವ್ದೂ ಒಣಗಿಲ್ರಾ, ಅಮ್ಮ. ಈ ಒಲಿ ಒಂದ್ಕೆ ನನ್ ಕೈ ಸಮ ಇಲ್ವಾ?’ ಎಂದು ಕೇಳಿ, ನನ್ನ ಕಡೆ ತಿರುಗಿ ಮತ್ತೇನೋ ಹೇಳಲು ಬಾಯಿ ತೆರೆದಳು. ಮಾತು ಬೆಳೆಯುವುದು ಬೇಡವೆಂದು ನಾನು ಅವಳನ್ನು ಸುಮ್ಮನಿರಿಸಿ ನೀರು ತರಲು ಕಳಿಸಿದೆ.

ಕೈಗುಣವಿಲ್ಲದವಳೆಂಬ ಮಾತು ಒಮ್ಮೆ ಪೇಟೆಯಲ್ಲಿ ಹಬ್ಬಿದರೆ ಅವಳನ್ನು ಯಾವ ಮನೆಯ ಹಿತ್ತಲಿಗೂ ಕರೆಯುವುದಿಲ್ಲ. ಗದ್ದೆ ನಟ್ಟಿಗೆ ಕರೆಯುವವರೂ ಎರಡು ಸಲ ಯೋಚಿಸುತ್ತಾರೆ. ಬೇಗ ಬರೆ.

ಮಹಾಲಕ್ಷ್ಮೀ


ಭಟ್ಕಳ
೨೯ ನವೆಂಬರ್ ೧೯೬೬

ಮಾಲಕ್ಷ್ಮೀ,

ನಿನ್ನ ನಕ್ಷೆಯನ್ನು ಮೈದುನ ಬೇಕರಿಯ ಗೋಡೆಗೆ ಅಂಟಿಸಿದ್ದಾನೆ. ಅವನು ನಗುವುದನ್ನು ನಿಲ್ಲಿಸಿದ್ದಾನೆ. ಗಾಳಿ ಎಲ್ಲೋ ಒಂದು ಕಡೆ ತಡೆದು, ಒಂದೇ ಸಂದಿಯಲ್ಲಿ ನುಗ್ಗುತ್ತಿದೆ ಎನ್ನುತ್ತಾನೆ. ನನಗೂ ಹಾಗೇ ತೋರುತ್ತದೆ.

ನಾಲ್ಕು ಪ್ರಶ್ನೆ ಕೇಳುತ್ತೇನೆ, ನಾಲ್ಕಕ್ಕೂ ಉತ್ತರ ಬೇಕು. ಒಂದು, ಫ್ಯಾನಿನ ಸದ್ದು ಒಂದೇ ಸಮನೆ ಇದೆಯೋ, ನಡುನಡುವೆ ಏರಿಳಿಯುತ್ತದೆಯೋ? ಎರಡು, ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಡವಾಗುತ್ತದೆಯೋ? ಮೂರು, ತಟ್ಟೆಯ ಕೆಳಗೆ ಜಾಲರಿಯ ಮೇಲೆ ಏನನ್ನಾದರೂ ಹಾಸುತ್ತೀರಾ? ಕಾಗದ, ತಗಡು, ಬಟ್ಟೆ, ಏನೇ ಆಗಲಿ. ಜಾಲರಿ ಮುಚ್ಚಿದರೆ ಆ ಒಲೆ ಸತ್ತಂತೆ. ನಾಲ್ಕನೆಯದು ಹಿಂದೆಯೇ ಕೇಳಿದ್ದೆ. ರುಚಿ ನಿನಗೆ ಹೇಗೆ ಅನಿಸಿತು?

ಆ ಗಣಪಿಗೆ ನನ್ನ ಕಡೆಯಿಂದ ಹೇಳು, ಒಲೆಯ ತಪ್ಪು ಒಲೆಯದೇ, ಕೈಯದಲ್ಲ.

ಝುಲೇಖಾ


ಕುಮಟಾ
೬ ಡಿಸೆಂಬರ್ ೧೯೬೬

ಪ್ರಿಯ ಝುಲೇಖಾ,

ಫ್ಯಾನಿನ ಸದ್ದು ಏರಿಳಿಯುತ್ತದೆ. ಒಮ್ಮೊಮ್ಮೆ ಒಳಗೆ ಏನೋ ಕೆರೆದಂತೆ ಕೇಳುತ್ತದೆ. ಸಂಜೆ ಕರೆಂಟು ಕಡಿಮೆಯಾಗುವುದು ನಿಜ, ಆದರೆ ನಮ್ಮ ಕೆಲಸ ಮೂರು ಗಂಟೆಗೇ ಮುಗಿಯುತ್ತದೆ. ಆದ್ದರಿಂದ ದೋಷ ಫ್ಯಾನಿನದೇ ಇರಬೇಕೆಂದು ನನ್ನ ಊಹೆ.

ಇಲ್ಲಿ ಮನಸ್ಸುಗಳು ಸರಿಯಿಲ್ಲ. ಜನವರಿ ಹದಿನಾರರಂದು, ಸಂಕ್ರಾಂತಿ ಕಳೆದ ಸೋಮವಾರ, ಮಂಡಳಿಯ ಸಭೆ ಕರೆದಿದ್ದಾರೆ. ಗಣಪಿಯನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದೊಂದೇ ವಿಷಯ. ಕಾರ್ಯದರ್ಶಿಯಾದ ನಾನೇ ನೋಟೀಸು ಬರೆದೆ. ಬರೆಯುವಾಗ ಅವಳು ಪಕ್ಕದಲ್ಲೇ ನೆಲ ಒರೆಸುತ್ತಿದ್ದಳು. ‘ಎಂತ ಬರಿತ್ರಿ ಅಮ್ಮ?’ ಎಂದು ಕೇಳಿದಳು. ಹೇಳಿದೆ. ‘ಆತು’ ಎಂದಳು. ಅಷ್ಟೇ.

ಹೆಚ್ಚು ಬರೆಯಲು ಹೊತ್ತಿಲ್ಲ.

ಮಹಾಲಕ್ಷ್ಮೀ


ಭಟ್ಕಳ
೧೨ ಡಿಸೆಂಬರ್ ೧೯೬೬

ಮಾಲಕ್ಷ್ಮೀ,

ನಾಲ್ಕು ಕೇಳಿದ್ದೆ, ಎರಡು ಬಂದವು. ಉಳಿದೆರಡು ತಾರಿ ದಾಟುವಾಗ ನೀರಿಗೆ ಬಿದ್ದವೇ?

ಇರಲಿ. ಹೊನ್ನಾವರದಲ್ಲಿ ವೆಂಕಟ ಎಂಬ ಮೋಟಾರು ರಿಪೇರಿಯವನಿದ್ದಾನೆ, ನಮ್ಮ ನೀರಿನ ಪಂಪು ಅವನೇ ನೋಡುವುದು. ಶನಿವಾರ ನಿಮ್ಮಲ್ಲಿಗೆ ಬರಲು ಹೇಳಿದ್ದೇನೆ. ಫ್ಯಾನು ಬಿಚ್ಚಿ ನೋಡಲಿ. ನಮಗೆ ಇನ್ನೆರಡು ದಿನದಲ್ಲಿ ರಂಜಾನು ಶುರುವಾಗುತ್ತದೆ. ಉಪವಾಸದಲ್ಲಿ ಪತ್ರ ತಡವಾದರೆ ಸಿಟ್ಟಾಗಬೇಡ.

ನಿನಗೆ ಏನೋ ಆಗಿದೆ. ಸಿಸ್ಟರು ಪ್ರಶ್ನೆ ಕೇಳಿದಾಗ ಗೊತ್ತಿಲ್ಲದಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ನೀನು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ನೆನಪಿದೆ ನನಗೆ.

ಝುಲೇಖಾ


ಕುಮಟಾ
೨೦ ಡಿಸೆಂಬರ್ ೧೯೬೬

ಪ್ರಿಯ ಝುಲೇಖಾ,

ವೆಂಕಟ ಬಂದ ದಿನ ನಾನು ಊರಲ್ಲಿರಲಿಲ್ಲ. ಬೀರಪ್ಪನನ್ನು ಸಮಾಧಾನ ಮಾಡಲು ಹೊನ್ನಾವರಕ್ಕೆ ಹೋಗಿದ್ದೆ. ಫ್ಯಾನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮೋಟಾರು ಗಟ್ಟಿಯಾಗಿದೆ ಎಂದು ಹೇಳಿ ಹೋದನಂತೆ. ಎರಡು ದಿನ ಪರವಾಗಿಲ್ಲ ಅನಿಸಿತು. ಮೂರನೆಯ ದಿನಕ್ಕೆ ಮತ್ತೆ ಅದೇ ಮೂಲೆ ಸುಟ್ಟಿತು.

ಈಗ ಎಲ್ಲರೂ ಹೇಳುವುದು ಒಂದೇ: ಯಂತ್ರ ಸರಿಯಿದೆಯೆಂದು ಮಿಸ್ತ್ರಿಯೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಗಣಪಿ ತಟ್ಟೆ ಒಳಗಿಟ್ಟು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೇಯುವವರೆಗೂ ನನ್ನನ್ನೇ ನೋಡುತ್ತಾಳೆ.

ಸಭೆಯಲ್ಲಿ ಅವಳ ಪರವಾಗಿ ನಾಲ್ಕು ಒಳ್ಳೆಯ ಮಾತು ಆಡುತ್ತೇನೆ. ಶುಚಿ, ಸಮಯಪಾಲನೆ, ನಂಬಿಕೆ. ಇದಕ್ಕಿಂತ ಹೆಚ್ಚು ನನ್ನಿಂದ ಏನಾದೀತು?

ಮಹಾಲಕ್ಷ್ಮೀ


ಭಟ್ಕಳ
೨೭ ಡಿಸೆಂಬರ್ ೧೯೬೬

ಶ್ರೀಮತಿ ಮಹಾಲಕ್ಷ್ಮೀಯವರಿಗೆ,

ವೆಂಕಟ ನಿನ್ನೆ ಪಂಪು ನೋಡಲು ಬಂದಿದ್ದ. ಫ್ಯಾನಿನ ಮುಂದಿನ ತಂತಿಬಲೆಗೆ ಸಿಕ್ಕಿಕೊಂಡಿದ್ದದ್ದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದಿಟ್ಟ. ಒಣಗಿ ಸುರುಟಿದ ಬಾಳೆಎಲೆಯ ಸೀಳುಗಳು, ಒಂದು ಮುಷ್ಟಿ. ‘ಮೂರೂ ಜಾಲರಿ ಮೇಲೆ ತುದಿಯಿಂದ ತುದಿಗೆ ಎಲೆ ಹಾಸ್ತ್ರು ಬಾಯಮ್ಮ, ಮಡಿಗೆ. ಕಬ್ಬಿಣಕ್ಕೆ ತಟ್ಟೆ ತಾಗೂಕಾಗ ಅಂಬ್ರು’ ಎಂದ.

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾಲ್ಕನೆಯದಕ್ಕೂ ಸಿಕ್ಕಿತೆಂದುಕೊಂಡಿದ್ದೇನೆ.

ಮೊದಲ ಸರದಿಯಲ್ಲಿ ಎಲೆ ಹಸಿಯಾಗಿ ಜಾಲರಿಯನ್ನು ಮುಚ್ಚುತ್ತದೆ. ಗಾಳಿ ಮೇಲೆ ಏರುವುದಿಲ್ಲ, ಎಲೆಯ ನೀರು ತಳಕ್ಕೆ ಹಿಡಿಯುತ್ತದೆ. ಆಮೇಲೆ ಎಲೆ ಬಾಡಿ ಒಂದು ಮೂಲೆಯಲ್ಲಿ ಸುರುಟಿಕೊಂಡಾಗ ಇದ್ದ ಬಿಸಿಯೆಲ್ಲ ಆ ಒಂದೇ ಸಂದಿಯಲ್ಲಿ ನುಗ್ಗುತ್ತದೆ. ಇಷ್ಟೇ ಸಂಗತಿ. ಇದನ್ನು ಹೇಳಲು ನಾನು ಬೇಕಿರಲಿಲ್ಲ. ನೀವು ಓದಿದವರು.

ಒಂದು ಮಾತು ನಿಮಗೆ ನಾನೂ ಹೇಳಿರಲಿಲ್ಲ. ಓವನ್ನು ಬೊಂಬಾಯಿಯಿಂದ ಬಂದಾಗ ನನಗೂ ಹೇಸಿಗೆಯಾಗಿತ್ತು. ಆ ಕ್ಯಾಂಟೀನಿನಲ್ಲಿ ಏನೇನು ಬೇಯುತ್ತಿತ್ತೋ ನನಗೇನು ಗೊತ್ತು? ಹಂದಿಯೂ ಬೆಂದಿದ್ದೀತು. ಮೂರು ದಿನ ಅಂಗಳದಲ್ಲಿ ಕೂತು ಒಂದೊಂದು ಸರಳನ್ನೂ ಬೂದಿ, ಹುಣಸೆಹುಳಿ ಹಾಕಿ ಏಳು ನೀರಿನಲ್ಲಿ ತೊಳೆದೆ. ಆಳಿಗೆ ಹೇಳಲಿಲ್ಲ, ನಾನೇ ತೊಳೆದೆ. ಮೈದುನನ ಅಂಗಡಿಯಲ್ಲಿ ಮೊದಲ ತಟ್ಟೆ ಬೇಯಿಸಿ ನನ್ನ ಮಕ್ಕಳಿಗೆ ತಿನ್ನಿಸಿ, ನಾನೂ ತಿಂದು, ಆಮೇಲೆಯೇ ನಿಮ್ಮಲ್ಲಿಗೆ ಕಳಿಸಿದೆ. ನನ್ನ ಮನೆಯಿಂದ ಬಂತೆಂದು ಅದಕ್ಕೆ ಎಲೆ ಹಾಸಿದಿರಿ.

ನನ್ನ ನೋವು ಒಂದು ಕಡೆ ಇರಲಿ. ಎಲೆ ಹಾಸಿ ಎಂದದ್ದು ಗಣಪಿ ಅಲ್ಲ ಎಂದು ನನಗೆ ಗೊತ್ತು. ನಿಮಗೂ ಗೊತ್ತು.

ಝುಲೇಖಾ


ಕುಮಟಾ
೧೨ ಜನವರಿ ೧೯೬೭

ಝುಲೇಖಾ,

ನಿನ್ನ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ನಾನು ಒಳ್ಳೆಯವಳಾಗಿಯೇ ಕಾಣುತ್ತಿದ್ದೆ. ಒಂದರಲ್ಲಿ ಸುಬ್ಬಲಕ್ಷ್ಮಕ್ಕನ ಮೇಲೆ ಹಾಕಿದ್ದೆ, ಒಂದರಲ್ಲಿ ಊರಿನ ಮೇಲೆ. ಮೂರನೆಯದು ಬಹಳ ಚೆಂದವಾಗಿತ್ತು, ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ನಡೆದದ್ದು ಇಷ್ಟು. ದಸರೆಯ ದಿನ ಒಲೆ ಹೊತ್ತಿಸುವ ಮೊದಲು ಸುಬ್ಬಲಕ್ಷ್ಮಕ್ಕ ಕೇಳಿದರು: ‘ಇದ್ರಲ್ಲಿ ಮುಂಚೆ ಎಂತ ಬೇಯಿಸ್ತಿದ್ವು?’ ‘ಎಲೆ ಹಾಸಿ ಇಡೋಣ, ಏನೂ ತೊಂದರೆಯಿಲ್ಲ’ ಎಂದೆ. ಎಲೆ ನನ್ನ ಬಾಯಿಂದ ಬಂದದ್ದು.

ನಿನ್ನ ಮನೆಯಿಂದ ಬಂತೆಂದು ಎಲೆ ಹಾಸಿದೆವು ಎಂದು ಬರೆದಿದ್ದೀಯ. ಅದು ಹಾಗಲ್ಲ. ಹಾಗಲ್ಲದಿರುವುದು ಇನ್ನೂ ಕೆಟ್ಟದ್ದು. ಇದು ನಿನ್ನ ಮನೆಯಿಂದ ಬಂದದ್ದೆಂದು ಇಲ್ಲಿ ಯಾರಿಗೂ ಗೊತ್ತೇ ಇಲ್ಲ. ‘ಬೊಂಬಾಯಿಯ ಪರಿಚಯದವರು ಕೊಟ್ಟರು’ ಎಂದಿದ್ದೆ. ಮಂಡಳಿಯ ಪುಸ್ತಕದಲ್ಲಿ ದಾನಿಗಳ ಹೆಸರಿನ ಎದುರು ನನ್ನದೇ ಅಕ್ಷರದಲ್ಲಿ ‘ಹಿತೈಷಿಗಳು’ ಎಂದಿದೆ. ಮೂವತ್ತು ವರ್ಷದ ಸ್ನೇಹಕ್ಕೆ ನಾನು ಕೊಟ್ಟ ಹೆಸರು ಅದು.

ಗಣಪಿಗೆ ನವೆಂಬರಿನಲ್ಲೇ ತಿಳಿದಿತ್ತು. ಬೀರಪ್ಪನ ಡಬ್ಬಿ ಬಂದ ದಿನ ಅವಳು ಬಾಯಿ ತೆರೆದಳು ಎಂದು ಬರೆದಿದ್ದೆನಲ್ಲ, ಏನು ಹೇಳಿದಳೆಂದು ಬರೆಯಲಿಲ್ಲ. ‘ಎಲಿ ತೆಗ್ದು ಒಂದ್ಸಲ ನೋಡ್ವನ್ರಾ ಅಮ್ಮ’ ಎಂದಿದ್ದಳು. ನನಗೆ ಆ ಕ್ಷಣಕ್ಕೇ ಅರ್ಥವಾಗಿತ್ತು. ಎಲೆ ತೆಗೆದರೆ ಯಾಕೆ ಹಾಸಿದ್ದು ಎಂಬ ಮಾತು ಏಳುತ್ತದೆ, ಅದರ ಹಿಂದೆಯೇ ಎಲ್ಲಿಂದ ಬಂದದ್ದು ಎಂಬುದೂ ಏಳುತ್ತದೆ. ಆದ್ದರಿಂದ ನೀರು ತರಲು ಕಳಿಸಿದೆ. ಅಂದಿನಿಂದ ನಾನು ನಿನಗೆ ಬರೆದ ಒಂದೊಂದು ಪತ್ರವೂ ನಿನ್ನ ಬಾಯಿಂದ ಬೇರೆ ಕಾರಣ ಹೊರಡಿಸುವ ಪ್ರಯತ್ನ. ಫ್ಯಾನು ಕೆಟ್ಟಿರಲೆಂದು ನಾನು ದೇವರಲ್ಲಿ ಬೇಡಿಕೊಂಡಿದ್ದೆ ಎಂದರೆ ನಂಬುತ್ತೀಯಾ?

ಇಷ್ಟನ್ನೂ ಬರೆದು ಮುಗಿಸಬಹುದಿತ್ತು. ಇನ್ನೊಂದು ಉಳಿದಿದೆ. ನಿನ್ನೆ ಮಂಡಳಿಯಲ್ಲಿ ಕೆಲಸವಿರಲಿಲ್ಲ. ಗಣಪಿಗೆ ಮಾತ್ರ ಬಾ ಎಂದಿದ್ದೆ, ಎಲೆ ತರಬೇಡ ಎಂದೂ ಹೇಳಿದ್ದೆ.

ಬಾಗಿಲಲ್ಲೇ ನಿಂತು ಕೇಳಿದಳು: ‘ಸುಬ್ಬಲಕ್ಷ್ಮಮ್ಮ ಬೈದ್ರೆ?’

‘ಬೈಸಿಕೊಳ್ಳುವವಳು ನಾನು.’

‘ನಿಮ್ಗೆ ಯಾರೂ ಬೈಯೂದಿಲ್ರಾ. ಬೈಯೂದು ನಂಗೆ.’

ಹಿಟ್ಟು ಕಲಸಿದೆ, ತೂಗಿದೆ, ಅವಳು ಮೂರೂ ತಟ್ಟೆಯನ್ನು ಬರಿ ಜಾಲರಿಯ ಮೇಲಿಟ್ಟಳು. ಫ್ಯಾನು ಮೊದಲ ಸಲ ಕೆರೆಯದೆ ತಿರುಗಿತು. ಹದಿನೆಂಟು ನಿಮಿಷ ನಾವಿಬ್ಬರೂ ಬಾಗಿಲ ಮುಂದೆ ಕೂತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ತೆಗೆದಾಗ ಮೂರು ತಟ್ಟೆಯ ಎಪ್ಪತ್ತೆರಡೂ ಒಂದೇ ಬಣ್ಣ. ತೆಳು ಕಂದು, ನೆತ್ತಿಯ ಮೇಲೆ ಒಂದೊಂದು ಸಣ್ಣ ಬಿರುಕು.

‘ಒಂದೇ ತಾಯಿ ಮಕ್ಕಳ ಕಂಡಂಗೆ ಕಾಣ್ತ್ರು ಕಾಣಿ’ ಎಂದು ಗಣಪಿ ನಕ್ಕಳು. ನಗು ನಿಲ್ಲಿಸಿ ಒಂದನ್ನು ತೆಗೆದು ನನ್ನ ಮುಂದೆ ಹಿಡಿದಳು. ‘ತಿನ್ನಿ. ಇಲ್ಲೀವರಿಗೆ ನೀವು ಒಂದೂ ತಿಂದದ್ದಿಲ್ಲ. ನಂಗೊತ್ತದೆ.’

ನಿನ್ನ ನಾಲ್ಕನೆಯ ಪ್ರಶ್ನೆಗೆ ಉತ್ತರ ಇದು, ಝುಲೇಖಾ. ದಸರೆಯಿಂದ ಮೂರು ತಿಂಗಳಾಗುತ್ತ ಬಂತು, ಈ ಒಲೆಯದ್ದು ಒಂದು ಚೂರನ್ನೂ ನಾನು ಬಾಯಿಗೆ ಹಾಕಿರಲಿಲ್ಲ. ಹಲ್ಲುನೋವು, ಪಿತ್ತ, ಏಕಾದಶಿ, ಯಾವುದೋ ಒಂದು ಕಾರಣ ಯಾವಾಗಲೂ ಸಿಗುತ್ತಿತ್ತು. ಎಲೆ ಬೇರೆಯವರ ಸಮಾಧಾನಕ್ಕೆ ಎಂದುಕೊಂಡಿದ್ದೆ. ಇಂಗ್ಲಿಷು ಓದಿದವಳು, ಕಾನ್ವೆಂಟಿನಲ್ಲಿ ನಿನ್ನ ಪಕ್ಕದಲ್ಲಿ ಆರು ವರ್ಷ ಕೂತವಳು, ನನಗೆ ಇವೆಲ್ಲ ಇಲ್ಲವೆಂದೇ ನಂಬಿದ್ದೆ. ಗಣಪಿಯ ಕೈಯಿಂದ ತೆಗೆದುಕೊಂಡಾಗಲೂ ಇಂದು ಯಾವ ನೆಪ ಹೇಳಲೆಂದು ಹುಡುಕಿದೆ. ಅದನ್ನೂ ನಿನಗೆ ಹೇಳುತ್ತಿದ್ದೇನೆ. ತಿಂದೆ. ಅಂಗುಳಿಗೆ ತಾಗಿದ ಕೂಡಲೇ ಪುಡಿಯಾಯಿತು, ಏಲಕ್ಕಿ ಒಂದು ಚಿಟಿಕೆ ಹೆಚ್ಚಾಗಿತ್ತು. ಬಹಳ ಚೆನ್ನಾಗಿತ್ತು.

ನಾಳೆ ನಿನಗೆ ಹಬ್ಬ. ಈ ಪತ್ರ ಹಬ್ಬಕ್ಕೆ ತಲುಪುವುದಿಲ್ಲ, ತಲುಪಬೇಕೆಂದೂ ನನಗಿಲ್ಲ. ನಿನ್ನೊಬ್ಬಳ ಹತ್ತಿರ ಒಪ್ಪಿಕೊಂಡು ಹಗುರಾಗುವುದು ಸುಲಭ. ನೀನು ಮೂವತ್ತೈದು ಮೈಲಿ ದೂರದಲ್ಲಿದ್ದೀಯ, ಗಣಪಿ ಎದುರಿಗಿದ್ದಾಳೆ. ಸಭೆಯಲ್ಲಿ ಹೇಳಿದರೆ ಮಾತ್ರ ಇದನ್ನು ಅಂಚೆಗೆ ಹಾಕುತ್ತೇನೆ. ಹೇಳದಿದ್ದರೆ ಇದೂ ಹರಿದ ಮೂರರ ಜೊತೆಗೆ ನಾಲ್ಕನೆಯದಾಗುತ್ತದೆ.


೧೬ ಜನವರಿ, ಸಂಜೆ

ಹೇಳಿದೆ. ನಿಂತು ಹೇಳಬೇಕೆಂದಿದ್ದೆ, ಕೂತೇ ಹೇಳಿದೆ. ಎಲೆಯ ವಿಷಯ, ನವೆಂಬರಿನಿಂದ ನನಗೆ ಗೊತ್ತಿದ್ದದ್ದು, ಗಣಪಿ ಮೊದಲೇ ಹೇಳಿದ್ದು, ಕೊನೆಗೆ ನಿನ್ನ ಹೆಸರು, ಊರು, ನೀನು ಏಳು ನೀರಿನಲ್ಲಿ ತೊಳೆದದ್ದು. ಎಲೆಯಿಲ್ಲದೆ ಬೇಯಿಸಿದ ತಟ್ಟೆಯನ್ನು ನಡುವೆ ಇಟ್ಟೆ.

ಆಮೇಲೆ ಸುಬ್ಬಲಕ್ಷ್ಮಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ‘ಎಂತ ಬೇಯಿಸ್ತಿದ್ವು ಹೇಳಿ ಕೇಳಿದ್ದು ಯಾರು? ನಾನು. ಎಲೆ ಹಾಸನ ಹೇಳಿದ್ದು ಯಾರು? ನೀನು. ನಾನು ಹಾಸು ಹೇಳಿದ್ನಿಲ್ಲೆ ಮಾರಾಯ್ತಿ. ತೊಳಕಂಡು ಬಂದಿದ್ದು ಹೇಳಿದ್ರೆ ಸಾಕಾಗಿತ್ತು ಅಷ್ಟೇಯ.’

ಅದು ನಿಜವೋ, ಈಗ ಹಾಗೆ ಅನಿಸುತ್ತಿದೆಯೋ ನನಗೆ ತಿಳಿಯದು. ತಿಳಿಯುವ ದಾರಿಯನ್ನು ನಾನೇ ಅಂದು ಮುಚ್ಚಿದ್ದೆ. ಅವರು ತಟ್ಟೆಯಿಂದ ಎರಡನ್ನು ತೆಗೆದುಕೊಂಡರು, ಅಲ್ಲಿ ತಿನ್ನಲಿಲ್ಲ. ‘ಮನೆಗೆ ಹೋಗಿ ನೋಡ್ತಿ’ ಎಂದು ಚೀಲಕ್ಕೆ ಹಾಕಿಕೊಂಡರು. ಇನ್ನಿಬ್ಬರು ಎದ್ದು ಹೋದರು. ಅವರು ಮತ್ತೆ ಬರಲಾರರು. ಗಣಪಿ ಉಳಿಯಬೇಕೆಂದು ನಿರ್ಣಯವಾಯಿತು. ನಾನು ಕಾರ್ಯದರ್ಶಿಯಾಗಿ ಉಳಿಯುವುದು ಬೇಡವೆಂದೂ ಆಯಿತು. ಎರಡನ್ನೂ ನನ್ನ ಕೈಯಲ್ಲೇ ಬರೆಸಿದರು. ಪುಸ್ತಕ ಒಪ್ಪಿಸುವ ಮೊದಲು ‘ಹಿತೈಷಿಗಳು’ ಎಂಬುದನ್ನು ಹೊಡೆದು ನಿನ್ನ ಪೂರ್ತಿ ಹೆಸರು ಬರೆದೆ. ಯಾರೂ ತಡೆಯಲಿಲ್ಲ.

ಗಣಪಿ ಹೊರಗೆ ಜಗಲಿಯ ಮೇಲೆ ಕಾದಿದ್ದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ‘ಅದೆಲ್ಲ ಬ್ಯಾಡ. ಇನ್ಮೇಲೆ ಒಲಿ ಒಳ್ಗೆ ಎಂತ ಹಾಕೂದು, ಎಂತ ಬ್ಯಾಡ, ನಾ ಹೇಳ್ವಳು. ಆಗೂದಾ?’ ಎಂದಳು. ‘ಆತು’ ಎಂದೆ. ‘ಹಂಗಾರೆ ನಾಳೆ ಬತ್ತೆ’ ಎಂದು ಬಾಡದ ದಾರಿ ಹಿಡಿದಳು. ನಾಳೆ ಅವಳ ತಲೆಯ ಮೇಲೆ ಎಲೆಯ ಕಟ್ಟು ಇರುವುದಿಲ್ಲ.

ಜೊತೆಗೆ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಮೂರೂ ಅಂತಸ್ತಿನಿಂದ, ನಾಲ್ಕೂ ಮೂಲೆಯಿಂದ ತೆಗೆದು ಬೆರೆಸಿದ್ದೇನೆ. ಹಿಂಬದಿಯ ಎಡಮೂಲೆಯದು ಯಾವುದೆಂದು ನನಗೆ ಗುರುತು ಸಿಗಲಿಲ್ಲ. ನಿನಗೆ ಸಿಕ್ಕರೆ ಬರೆ. ಸಿಗದಿದ್ದರೂ ಬರೆ. ಬರೆಯಲೇಬೇಕೆಂದೇನಿಲ್ಲ. ಮೇಲುಹೊದಿಕೆಯ ಮೇಲಿನ ಅಂಚೆ ಮುದ್ರೆಯಲ್ಲಿ ಸಭೆಯ ಮಾರನೆಯ ದಿನದ ತಾರೀಕು ಇರುತ್ತದೆ, ನಾನು ಹೇಳಿದೆನೆಂಬುದಕ್ಕೆ ಅದೇ ಸಾಕ್ಷಿ. ನಾಳೆ ಬೆಳಗಿನ ಟಪಾಲಿಗೆ ನಾನೇ ಹೋಗಿ ಹಾಕುತ್ತೇನೆ: ಮಂಗಳವಾರ, ೧೭ ಜನವರಿ ೧೯೬೭.